ಟಿ.ಸಿ. ಕೊಟ್ಟು ಕಳಿಸಿದರೆ ಮುಗಿಯಲಿಲ್ಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ವಸತಿ ಶಾಲೆ, ಹಾಸ್ಟೆಲ್, ವಿದ್ಯಾಸಂಸ್ಥೆ ನಡೆಸುತ್ತಿರುವ ಅಧ್ಯಕ್ಷರು, ಕಾರ್ಯದರ್ಶಿಗಳು, ಪ್ರಾಂಶುಪಾಲರು ಮತ್ತು ವಾರ್ಡನ್‌ಗಳಿಗೆ



ಜೇವರ್ಗಿ ದಾಟಿ ದಕ್ಷಿಣಕ್ಕೆ ಹೋದರೆ ಶಹಾಪುರ. 2009ರ ಕೊನೆಗೆ ಯಾದಗಿರಿ ಬೇರೆಯಾಗುವ ತನಕ ಅವರೂ ನಾವೂ ಒಂದೇ ಜಿಲ್ಲೆಯವರು. ಆ ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯ ಶೌಚಾಲಯದಲ್ಲಿ 2025ರ ಆಗಸ್ಟ್ 27ರಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಹೆರಿಗೆಯಾಯಿತು. ಸುದ್ದಿ ನೀವೂ ಓದಿದ್ದೀರಿ. ಮಕ್ಕಳ ರಕ್ಷಣಾ ಅಧಿಕಾರಿಗಳ ದೂರಿನ ಮೇಲೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಆರೋಪಿಗಳ ಪಟ್ಟಿಯಲ್ಲಿ ಅತ್ಯಾಚಾರದ ಆರೋಪ ಹೊತ್ತವನ ಜೊತೆಗೆ ಶಾಲೆಯ ಪ್ರಾಂಶುಪಾಲರು, ವಾರ್ಡನ್, ಸಿಬ್ಬಂದಿ ಇದ್ದರು. ವಿಷಯ ತಿಳಿಸಲಿಲ್ಲವೆಂದು ಹುಡುಗಿಯ ಸಹೋದರನ ಹೆಸರೂ ಸೇರಿತು. ವಸತಿ ಶಿಕ್ಷಣ ಸಂಸ್ಥೆಗಳ ಸಂಘ ನಾಲ್ವರನ್ನು ಅಮಾನತು ಮಾಡಿತು. ಅವರ ಮೇಲಿನ ಆರೋಪ ನಿಜವೋ ಅಲ್ಲವೋ ನ್ಯಾಯಾಲಯ ಹೇಳಬೇಕು. ಆದರೆ ಬಸಿರು ಒಂದು ರಾತ್ರಿಯಲ್ಲಿ ಬೆಳೆಯುವಂಥದ್ದಲ್ಲ. ದಿನಾ ಬೆಳಿಗ್ಗೆ ಹಾಜರಿ, ಸಂಜೆ ಪ್ರಾರ್ಥನೆ, ಸಾಲಿನಲ್ಲಿ ನಿಂತು ಊಟ, ತಿಂಗಳಿಗೊಮ್ಮೆ ತೂಕ: ಇಷ್ಟೆಲ್ಲ ಇರಬೇಕಾದ ಜಾಗದಲ್ಲಿ ಒಂದು ಮಗುವಿನ ಮೈ ತಿಂಗಳುಗಟ್ಟಲೆ ಬದಲಾಗುತ್ತಿದ್ದರೂ ಯಾರ ಬಾಯಿಂದಲೂ ಒಂದು ಮಾತು ಪೊಲೀಸ್ ಠಾಣೆಯವರೆಗೆ ಹೋಗಲಿಲ್ಲ.

ಅದಕ್ಕೂ ಮೊದಲು, 2024ರ ಜನವರಿಯಲ್ಲಿ ಬಾಗೇಪಲ್ಲಿಯಿಂದ ಇಂಥದೇ ಸುದ್ದಿ ಬಂದಿತ್ತು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದ ಒಂಬತ್ತನೇ ತರಗತಿಯ ಹುಡುಗಿ ತಾಯಿಯಾದಳು, ವಾರ್ಡನ್ ಅಮಾನತಾದರು. ಅಮಾನತು, ಪತ್ರಿಕಾ ಹೇಳಿಕೆ, ಒಂದು ವಾರದ ಗದ್ದಲ, ಆಮೇಲೆ ಎಲ್ಲ ತಣ್ಣಗೆ. ಈ ಪತ್ರ ಬರೆಯುತ್ತಿರುವುದು ಆ ತಣ್ಣಗಾಗುವಿಕೆಯ ವಿರುದ್ಧ.

ನಿಮ್ಮಲ್ಲಿ ಯಾರನ್ನೂ ನಾನು ಅಪರಾಧಿ ಎನ್ನುತ್ತಿಲ್ಲ. ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ ನಮ್ಮ ಮೂರು ತಾಲ್ಲೂಕುಗಳ ಮಕ್ಕಳು ಬೇರೆ ಕಡೆಯ ಮಕ್ಕಳಿಗಿಂತ ಹೆಚ್ಚು ನಿಮ್ಮ ಕೈಯಲ್ಲಿದ್ದಾರೆ. ತೊಗರಿ ರಾಶಿ ಮುಗಿಯುತ್ತಲೇ ಊರು ಅರ್ಧ ಖಾಲಿಯಾಗುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡಗಳಿಗೆ, ಕಬ್ಬಿನ ಗ್ಯಾಂಗುಗಳಿಗೆ ತಾಯಿತಂದೆ ಹೊರಡುತ್ತಾರೆ. ಮಗ ಅಜ್ಜಿಯ ಹತ್ತಿರ, ಮಗಳು ಹಾಸ್ಟೆಲಿನಲ್ಲಿ. "ಅಲ್ಲಿ ಮಾಸ್ತರ್ ಅದಾರ, ಮೇಡಮ್ಮೋರ್ ಅದಾರ, ಚಿಂತಿಲ್ಲ" ಎಂದು ಹೇಳಿಯೇ ಅವರು ಬಸ್ಸು ಹತ್ತುವುದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಕಸ್ತೂರಬಾ ಹೆಸರಿನ ಶಾಲೆಗಳು, ಬಿ.ಸಿ.ಎಂ. ಹಾಸ್ಟೆಲುಗಳು, ಮಠದ ಪ್ರಸಾದ ನಿಲಯಗಳು, ಟ್ರಸ್ಟಿನ ಶಾಲೆಗಳು, ಮದರಸಾಗಳು ಇಲ್ಲದಿದ್ದರೆ ಈ ಮಕ್ಕಳಲ್ಲಿ ಎಷ್ಟೋ ಮಂದಿ ಹೊಲದಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ಇರುತ್ತಿದ್ದರು. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ, ಗಾಣಗಾಪುರದ ದತ್ತನಿಗೆ, ಘತ್ತರಗಿ ಭಾಗ್ಯವಂತಿಗೆ ನಡೆದುಕೊಳ್ಳುವ ಜನ ನಿಮ್ಮ ಸಂಸ್ಥೆಯ ಮೇಲೂ ಅದೇ ಭಕ್ತಿ ಇಟ್ಟಿದ್ದಾರೆ. ದೊಡ್ಡ ಕೆಲಸ ಮಾಡುತ್ತಿದ್ದೀರಿ, ಅದಕ್ಕೇ ಇಷ್ಟು ಕಟುವಾಗಿ ಹೇಳಬೇಕಾಗಿದೆ.

ಮಗುವೊಂದು ಬಾಯಿಬಿಟ್ಟ ದಿನ ಒಳಗೆ ಏನು ನಡೆಯುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಮೊದಲು ಬಾಗಿಲು ಮುಚ್ಚುತ್ತದೆ. ಕಾರ್ಯದರ್ಶಿಗೆ ಫೋನು ಹೋಗುತ್ತದೆ. ಊರಿನ ಇಬ್ಬರು ಹಿರಿಯರು ಬರುತ್ತಾರೆ. ಪುಣೆಯಿಂದ ಅಪ್ಪನನ್ನು ಕರೆಸುತ್ತಾರೆ; ಅವನು ಒಂದು ದಿನದ ಕೂಲಿ ಬಿಟ್ಟು, ಏನಾಗಿದೆ ಎಂದು ತಿಳಿಯದೆ, ಕೈಕಟ್ಟಿ ನಿಲ್ಲುತ್ತಾನೆ. "ಇಲ್ಲಿಗೇ ಮುಗಸ್ರಿ, ಹೊರಗ ಹೋದ್ರ ಹುಡುಗಿ ಮರ್ಯಾದಿ ಹೋಗ್ತದ" ಎಂದು ಒಬ್ಬರು. "ನಲವತ್ತು ವರ್ಷದ ಸಂಸ್ಥಾ ಐತಿ, ಹೆಸರು ಕೆಡ್ತದ" ಎಂದು ಇನ್ನೊಬ್ಬರು. ಶಿಕ್ಷಕ ರಜೆಯ ಮೇಲೆ ಹೋಗುತ್ತಾನೆ, ಆಮೇಲೆ ಬೇರೆ ಊರಿಗೆ ವರ್ಗವಾಗುತ್ತಾನೆ. ಅಲ್ಲಿಯೂ ಒಂದು ಶಾಲೆಯಿದೆ, ಅಲ್ಲಿಯೂ ಮಕ್ಕಳಿದ್ದಾರೆ. ಹುಡುಗಿಯ ಕೈಗೆ ಟಿ.ಸಿ. ಬರುತ್ತದೆ.

ಆ ಟಿ.ಸಿ.ಯನ್ನು ಒಮ್ಮೆ ಸಾವಧಾನವಾಗಿ ನೋಡಿ. ಹೆಸರು, ಜಾತಿ, ಜನ್ಮದಿನಾಂಕ, ನಡತೆ. ನಡತೆಯ ಎದುರು "ಉತ್ತಮ". "ಶಾಲೆ ಬಿಡಲು ಕಾರಣ" ಎಂಬ ಸಾಲಿನ ಎದುರು "ಪಾಲಕರ ಕೋರಿಕೆಯ ಮೇರೆಗೆ". ಕೆಳಗೆ ಮುಖ್ಯಸ್ಥರ ಸಹಿ, ದುಂಡನೆಯ ಶಿಕ್ಕಾ. ಆ ಮೂರು ಪದಗಳು ಸುಳ್ಳೆಂದು ಸಹಿ ಹಾಕಿದವರಿಗೆ ಗೊತ್ತು. ಮಗುವಿನ ಮೇಲೆ ನಡೆದ ಅಪರಾಧಕ್ಕೆ ಸಂಸ್ಥೆ ತನ್ನ ಕೈಯಾರೆ ಬರೆದುಕೊಟ್ಟ ಏಕೈಕ ದಾಖಲೆ ಅದು, ಅದೂ ಸುಳ್ಳು ದಾಖಲೆ. ಒಂದೆರಡು ತಿಂಗಳಲ್ಲಿ ಹುಡುಗಿಗೆ ಗಂಡು ಗೊತ್ತಾಗುತ್ತದೆ. ಹದಿನೈದಕ್ಕೆ, ಹದಿನಾರಕ್ಕೆ. ನಮ್ಮ ಕಡೆ ಬಾಲ್ಯವಿವಾಹಗಳ ಹಿಂದೆ ಬಡತನ, ಹೆದರಿಕೆ, ಗುಳೆ ಇವೆ. ಹೀಗೆ ಮುಚ್ಚಿಟ್ಟ ಘಟನೆಗಳೂ ಇವೆ, ಅವನ್ನು ಯಾವ ಸಮೀಕ್ಷೆಯೂ ಎಣಿಸುವುದಿಲ್ಲ.

ನಾನು ಹೇಳಬೇಕಾದ್ದು ಒಂದೇ ಮಾತು. ಒಳಗೇ ವಿಚಾರಿಸಿ ಬಗೆಹರಿಸುವ ಹಕ್ಕು ನಿಮಗಿಲ್ಲ. ತಿಳಿಸುವುದಷ್ಟೇ ನಿಮ್ಮ ಪಾಲಿನ ಕೆಲಸ. ತಿಳಿಸದೆ ಉಳಿದ ಕ್ಷಣದಿಂದ ನಿಮ್ಮ ಮೇಲೆ ಬೇರೆಯದೇ ಒಂದು ಅಪರಾಧದ ಹೊಣೆ ಬೀಳುತ್ತದೆ.

2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು, ಯಾರೇ ಆಗಲಿ, ಸ್ಥಳೀಯ ಪೊಲೀಸರಿಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್: ಯಾರಿಗಾದರೂ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದರ ಎರಡನೇ ಉಪವಿಧಿ ನಿಮಗಾಗಿಯೇ ಬರೆದದ್ದು. ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವನ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಗುವಿಗೆ ಮಾತ್ರ ಈ ಶಿಕ್ಷೆ ಅನ್ವಯಿಸುವುದಿಲ್ಲ. ಅವಳು ಹೇಳದೆ ಉಳಿದದ್ದು ಅಪರಾಧವಲ್ಲ. ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವನೋ ಸಿಬ್ಬಂದಿಯೋ ಅದೇ ಸಂಸ್ಥೆಯ ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಕಾಯ್ದೆ ಅದನ್ನು ಸಾಮಾನ್ಯ ಅಪರಾಧವೆಂದು ನೋಡುವುದಿಲ್ಲ, ಉಗ್ರ ಸ್ವರೂಪದ್ದೆಂದು ಪರಿಗಣಿಸುತ್ತದೆ. 2019ರ ತಿದ್ದುಪಡಿಯ ಮೇಲೆ ಅದಕ್ಕೆ ಕನಿಷ್ಠ 20 ವರ್ಷ, ಗರಿಷ್ಠ ಮರಣದಂಡನೆ.

ಇಲ್ಲಿಗೇ ನಿಲ್ಲುವುದಿಲ್ಲ. ಟಿ.ಸಿ.ಯಲ್ಲಿ ಸುಳ್ಳು ಕಾರಣ ಬರೆದದ್ದು, ಹಾಜರಿ ಪುಸ್ತಕದ ಹಾಳೆ ಹರಿದದ್ದು, ಸಿ.ಸಿ. ಕ್ಯಾಮೆರಾದ ದೃಶ್ಯ ಅಳಿಸಿದ್ದು, ಬಟ್ಟೆ ತೊಳೆಸಿದ್ದು, ಇವು ಅಪರಾಧಿಯನ್ನು ಉಳಿಸುವ ಉದ್ದೇಶದಿಂದ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 238ನೇ ಸೆಕ್ಷನ್ ಬರುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 201. ಮೂಲ ಅಪರಾಧ ಮರಣದಂಡನೆಗೆ ಗುರಿಯಾಗಬಲ್ಲದ್ದಾದರೆ ಸಾಕ್ಷ್ಯ ಮರೆಮಾಚಿದವನಿಗೆ ಏಳು ವರ್ಷದವರೆಗೆ ಶಿಕ್ಷೆ. "ನಾವು ಸುಮ್ನಿದ್ವಿ ಅಷ್ಟ" ಎನ್ನುವವರು ಈ ಏಳು ವರ್ಷವನ್ನು ನೆನಪಿಟ್ಟುಕೊಳ್ಳಿ.

ಇದು ಪುಸ್ತಕದಲ್ಲಷ್ಟೇ ಇರುವ ಮಾತೆಂದು ಭಾವಿಸಬೇಡಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಒಂದು ಶಾಲೆಯ ಹಾಸ್ಟೆಲಿನ ಆದಿವಾಸಿ ಹುಡುಗಿಯರ ಮೇಲೆ ದೌರ್ಜನ್ಯ ನಡೆಯಿತು. ಆ ಮಕ್ಕಳಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಪೊಲೀಸರಿಗೆ ತಿಳಿಸಲಿಲ್ಲವೆಂಬುದು ಆರೋಪ. ಬಾಂಬೆ ಹೈಕೋರ್ಟ್ ಅವರ ಮೇಲಿನ ಪ್ರಕರಣ ರದ್ದು ಮಾಡಿತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ ಪ್ರಕರಣಕ್ಕೆ ಮರುಜೀವ ಕೊಟ್ಟಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹುತೇಕ ಸಂದರ್ಭಗಳಲ್ಲಿ ಅದು ಅಪರಾಧಿಯನ್ನು ಕಾಪಾಡುವ ಯತ್ನ ಎಂಬುದು ನ್ಯಾಯಪೀಠದ ಅಭಿಪ್ರಾಯ. ಅದಕ್ಕೂ ಒಂಬತ್ತು ವರ್ಷ ಮೊದಲು, 2013ರ ಏಪ್ರಿಲ್‌ನಲ್ಲಿ, ಶಂಕರ್ ಕಿಸನರಾವ್ ಖಾಡೆ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ ಶಾಲೆ, ವಸತಿ ನಿಲಯ, ಮಕ್ಕಳ ಮನೆ, ಆಸ್ಪತ್ರೆಗಳ ಮುಖ್ಯಸ್ಥರನ್ನು ಹೆಸರಿಸಿಯೇ ತಿಳಿಸುವ ಹೊಣೆ ಹೊರಿಸಿತ್ತು.

ನಮ್ಮ ಜನ ದುಡಿಯಲು ಹೋಗುವ ಮಹಾರಾಷ್ಟ್ರದ ಥಾಣೆ ಜಿಲ್ಲೆಯ ಬದ್ಲಾಪುರದಲ್ಲಿ 2024ರ ಆಗಸ್ಟ್‌ನಲ್ಲಿ ಶಿಶುವಿಹಾರದ ಇಬ್ಬರು ಹೆಣ್ಣುಮಕ್ಕಳ ಮೇಲೆ ಶಾಲೆಯೊಳಗೇ ದೌರ್ಜನ್ಯ ನಡೆದ ಪ್ರಕರಣದಲ್ಲಿ ಹೈಕೋರ್ಟ್ ತಾನಾಗಿಯೇ ಕೈಹಾಕಿ, ತಿಳಿಸದ ಶಾಲೆಯ ಮೇಲೆ ಏಕೆ ಪ್ರಕರಣವಿಲ್ಲ ಎಂದು ಕೇಳಿತು. ಅಧ್ಯಕ್ಷ, ಕಾರ್ಯದರ್ಶಿ ನಿರೀಕ್ಷಣಾ ಜಾಮೀನು ಸಿಗದೆ ಅಕ್ಟೋಬರ್‌ನಲ್ಲಿ ಬಂಧನಕ್ಕೊಳಗಾದರು. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಶಾಲೆಯೊಂದರ ಪ್ರಕರಣದಲ್ಲಿ 2014ರಲ್ಲೇ ಮಾಹಿತಿ ಮುಚ್ಚಿಟ್ಟ ಆರೋಪದ ಮೇಲೆ ಸಂಸ್ಥೆಯ ಅಧ್ಯಕ್ಷರನ್ನು ಬಂಧಿಸಿದ್ದರು. ಅಧ್ಯಕ್ಷರ ಕುರ್ಚಿ ಆರೋಪದಿಂದ ದೂರ ಎಂಬ ಧೈರ್ಯ ಯಾರಿಗೂ ಬೇಡ.

ಚಿತ್ರದುರ್ಗದ ಮುರುಘಾ ಮಠದ ಪ್ರಕರಣವನ್ನು ಇಲ್ಲಿ ಎತ್ತದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ, ಏಕೆಂದರೆ ನಮ್ಮಲ್ಲಿ ಎಲ್ಲರ ಮನಸ್ಸಿನಲ್ಲೂ ಅದೇ ಇದೆ. ಮಠದ ಹಾಸ್ಟೆಲಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು 2022ರ ಆಗಸ್ಟ್‌ನಲ್ಲಿ ದೂರು ದಾಖಲಾಯಿತು, ಸೆಪ್ಟೆಂಬರ್ ಮೊದಲ ದಿನ ಪೀಠಾಧಿಪತಿಗಳ ಬಂಧನವಾಯಿತು, 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯ ಅವರನ್ನು ಮೊದಲ ಪ್ರಕರಣದಲ್ಲಿ ಖುಲಾಸೆ ಮಾಡಿತು. ತೀರ್ಪಿಗೆ ಗೌರವ ಕೊಡಬೇಕು, ನಾನೂ ಕೊಡುತ್ತೇನೆ. ಆದರೆ ಆ ಮಕ್ಕಳ ಮಾತು ಮೊದಲು ದಾಖಲಾದದ್ದು ಚಿತ್ರದುರ್ಗದಲ್ಲಲ್ಲ. ಮೈಸೂರಿನಲ್ಲಿ, ಒಡನಾಡಿ ಸಂಸ್ಥೆಯ ಮೂಲಕ, ನಜರಬಾದ್ ಠಾಣೆಯಲ್ಲಿ. ಹಾಸ್ಟೆಲಿನಲ್ಲಿರುವ ಹುಡುಗಿ ಒಂದು ಮಾತು ಹೇಳಲು ಜಿಲ್ಲೆಗಳನ್ನೇ ದಾಟಬೇಕಾದರೆ ಆ ಮಾತು ನಿಜವಾಗಿರಲಿ, ಸುಳ್ಳಾಗಿರಲಿ, ವ್ಯವಸ್ಥೆ ಅಲ್ಲಿಗೇ ಸೋತಿತು. ಅಂದಂದಿನ ದೂರು, ಅಂದಂದಿನ ವೈದ್ಯಕೀಯ ತಪಾಸಣೆ, ಅಂದಂದಿನ ಹೇಳಿಕೆ ಇದ್ದರೆ ತಪ್ಪಿತಸ್ಥ ತಪ್ಪಿಸಿಕೊಳ್ಳಲಾರ. ನಿರಪರಾಧಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯಬೇಕಿಲ್ಲ. ತಡವಾಗಿ ಹೊರಬಂದ ಸತ್ಯಕ್ಕೆ ಸಾಕ್ಷಿ ಇರುವುದಿಲ್ಲ, ತಡವಾಗಿ ಹೊರಬಂದ ಸುಳ್ಳಿಗೆ ಉತ್ತರ ಇರುವುದಿಲ್ಲ.

"ಸುಳ್ಳು ದೂರು ಬಂದ್ರ?" ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ದುರುದ್ದೇಶದ ಸುಳ್ಳು ದೂರಿಗೆ ಅದೇ ಕಾಯ್ದೆಯ 22ನೇ ಸೆಕ್ಷನ್ನಿನಲ್ಲಿ ಶಿಕ್ಷೆಯಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಇಲ್ಲವೆಂದು 19(7) ಹೇಳುತ್ತದೆ. ಅಂದರೆ ತಿಳಿಸಿದ ವಾರ್ಡನ್‌ಗೆ ಕಾನೂನಿನ ರಕ್ಷಣೆಯಿದೆ, ಮುಚ್ಚಿಟ್ಟ ಅಧ್ಯಕ್ಷರಿಗೆ ಇಲ್ಲ. ಸುಳ್ಳೋ ನಿಜವೋ ತೀರ್ಮಾನಿಸಲು ತನಿಖಾಧಿಕಾರಿ ಇದ್ದಾರೆ, ವಿಶೇಷ ನ್ಯಾಯಾಲಯವಿದೆ. ಊರಿನ ಇಬ್ಬರು ಹಿರಿಯರು ಆ ನ್ಯಾಯಾಲಯವಲ್ಲ.

ಕಾನೂನು ಅನ್ಯಾಯವಾಗಿ ಯಾರ ಕುತ್ತಿಗೆಗೂ ಬೀಳುವುದಿಲ್ಲ ಎಂಬುದಕ್ಕೂ ಉದಾಹರಣೆಯಿದೆ. ಕೇರಳದ ಕೊಟ್ಟಿಯೂರಿನ ಪಾದ್ರಿಯೊಬ್ಬ ಅಪ್ರಾಪ್ತೆಯನ್ನು ಬಸಿರು ಮಾಡಿದ ಪ್ರಕರಣದಲ್ಲಿ ಹೆರಿಗೆ ಮಾಡಿಸಿದ ವೈದ್ಯರ ಮೇಲೂ ಆರೋಪ ಹೊರಿಸಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು. ಗೊತ್ತಿತ್ತು ಎಂದು ತೋರಿಸಬೇಕು, ಗೊತ್ತಾಗಬಹುದಿತ್ತು ಎಂದರೆ ಸಾಲದು ಎಂಬುದು ಅದರ ತಿರುಳು. ನಿಮಗೆ ಇದು ನೆಮ್ಮದಿಯ ಮಾತೆನಿಸಬಹುದು. ನನಗೆ ಇದರಲ್ಲೇ ಒಂದು ಭಯ ಕಾಣುತ್ತದೆ. ಗೊತ್ತಿರಲಿಲ್ಲ ಎಂದರೆ ಬಿಡುಗಡೆ ಎಂದಾದರೆ, ಗೊತ್ತಾಗದಂತೆ ನೋಡಿಕೊಳ್ಳುವುದೇ ಜಾಣತನವೆಂದು ಕೆಲವು ಸಂಸ್ಥೆಗಳು ಕಲಿತುಬಿಡುತ್ತವೆ.

ಇತ್ತೀಚೆಗೆ ಒಂದು ಬಾಲಕಿಯರ ಹಾಸ್ಟೆಲಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ದೂರು ಪೆಟ್ಟಿಗೆ ಇತ್ತು, ವಾರ್ಡನ್ ಕೋಣೆಯ ಒಳಗೆ, ಅವರ ಕುರ್ಚಿಯ ನೇರ ಮೇಲೆ ಗೋಡೆಗೆ ಜಡಿದು. ಗೋಡೆಗೆ ನೀಲಿ ಬಣ್ಣ ಹೊಡೆದಾಗ ಪೆಟ್ಟಿಗೆಗೂ ಬಳಿದಿದ್ದಾರೆ, ಬೀಗಕ್ಕೂ ಬಳಿದಿದ್ದಾರೆ. ಕೀಲಿ ಹಾಕುವ ತೂತು ಬಣ್ಣದಲ್ಲಿ ಮುಚ್ಚಿ ಗಟ್ಟಿಯಾಗಿತ್ತು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಊಟದ ಹಾಲಿನ ಗೋಡೆಯ ಮೇಲಿತ್ತು, ಅದರ ಮುಂದೆ ಅಕ್ಕಿ ಚೀಲಗಳು. ಕರೆ ಮಾಡಬೇಕೆಂದರೆ ಫೋನ್ ಯಾರದು ಎಂದು ಕೇಳಿದೆ. "ಮೇಡಮ್ಮೋರ್ದು" ಎಂದಳು ಒಬ್ಬ ಹುಡುಗಿ. ಆ ಮೇಡಂ ಕೆಟ್ಟವರಲ್ಲ. ಎರಡು ಹಾಸ್ಟೆಲಿನ ಉಸ್ತುವಾರಿ ಹೊತ್ತು, ತಿಂಗಳ ಲೆಕ್ಕ, ತರಕಾರಿ ಬಿಲ್ಲು, ಬಯೋಮೆಟ್ರಿಕ್ ಹಾಜರಿ ಎಂದು ಓಡಾಡುತ್ತಿದ್ದರು. ರಾತ್ರಿ ಯಾವ ಹಾಸ್ಟೆಲಿನಲ್ಲಿ ಮಲಗುತ್ತೀರಿ ಎಂದರೆ ಅವರ ಬಳಿ ಉತ್ತರವಿರಲಿಲ್ಲ.

ಅದಕ್ಕೇ ವಾರ್ಡನ್ ಒಬ್ಬರ ಅಮಾನತಿನಿಂದ ನನಗೆ ಸಮಾಧಾನವಿಲ್ಲ. ಇಬ್ಬರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದವರು ಯಾರು? ನರ್ಸ್ ಹುದ್ದೆ ಖಾಲಿ ಬಿಟ್ಟವರು ಯಾರು? ಆರೋಗ್ಯ ತಪಾಸಣೆಯ ಪುಸ್ತಕದಲ್ಲಿ ಮಕ್ಕಳನ್ನು ನೋಡದೆಯೇ ಎತ್ತರ ತೂಕ ತುಂಬಿದವರು ಯಾರು? ಸಿಬ್ಬಂದಿಯ ಪೂರ್ವಾಪರ ಪೊಲೀಸರಿಂದ ಪರಿಶೀಲಿಸಬೇಕು, ಅದೂ ಒಮ್ಮೆ ಮಾಡಿ ಬಿಡದೆ ಆಗಾಗ ಮಾಡಬೇಕು ಎಂದು 2020ರ ಪೋಕ್ಸೊ ನಿಯಮಗಳಿವೆ. ಹೊರಗುತ್ತಿಗೆಯ ಅಡುಗೆಯವರು, ಕಾವಲುಗಾರರು, ವಾಹನ ಚಾಲಕರು ಆ ಪಟ್ಟಿಯಲ್ಲಿದ್ದಾರೆಯೇ? ಕೆಳಗಿನ ಮಹಿಳಾ ನೌಕರರೊಬ್ಬರನ್ನು ಬಲಿಕೊಟ್ಟು ಮೇಲಿನವರು ಕೈತೊಳೆದುಕೊಳ್ಳುವ ಪದ್ಧತಿಯೂ ಮುಚ್ಚಿಡುವುದರ ಒಂದು ಬಗೆ.

ಈಗಿನ ಕಾನೂನಿನಲ್ಲಿರುವ ತೂತುಗಳನ್ನೂ ನೇರವಾಗಿ ಹೇಳಬೇಕು. 21(2) ಹೇಳುವುದು ಮುಖ್ಯಸ್ಥರ "ಕೈಕೆಳಗಿನವನ" ಅಪರಾಧದ ಬಗ್ಗೆ. ಆರೋಪಿ ಅಧ್ಯಕ್ಷನೇ ಆಗಿದ್ದರೆ? ಧರ್ಮದರ್ಶಿಯೋ, ಸಂಸ್ಥೆಗೆ ಜಾಗ ದಾನ ಕೊಟ್ಟ ಗೌಡನೋ ಆಗಿದ್ದರೆ? ಆಗ ತಿಳಿದೂ ಸುಮ್ಮನಿದ್ದ ಮಂಡಳಿಯವರಿಗೆ ಉಳಿಯುವುದು ಸಾಮಾನ್ಯ ಜನರಿಗಿರುವ ಆರು ತಿಂಗಳ ವಿಧಿ ಮಾತ್ರ. ಅಪರಾಧಿ ಎಷ್ಟು ಎತ್ತರದವನೋ ಮುಚ್ಚಿಟ್ಟವರ ಶಿಕ್ಷೆ ಅಷ್ಟು ಕಡಿಮೆ! ಎರಡನೆಯ ತೂತು ಇನ್ನೂ ದೊಡ್ಡದು. ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್ ಪ್ರಕಾರ, ಒಂದು ವರ್ಷ ಮೀರದ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ಒಂದು ವರ್ಷದೊಳಗೆ ಕೈಗೆತ್ತಿಕೊಳ್ಳಬೇಕು. ಮೂಲ ಅಪರಾಧದ ಜೊತೆಗೇ ವಿಚಾರಣೆ ನಡೆದರೆ ಈ ತೊಡಕಿಲ್ಲ. ಮುಚ್ಚಿಟ್ಟವರ ಮೇಲೆ ಮಾತ್ರ ಬೇರೆಯಾಗಿ ಪ್ರಕರಣ ಹೂಡಲು ಹೊರಟರೆ ಅವರ ವಕೀಲರು ಮೊದಲು ಎತ್ತುವುದೇ ಈ ಅವಧಿಯ ಮಾತನ್ನು. ಎಂಟನೇ ತರಗತಿಯಲ್ಲಿ ನೊಂದ ಹುಡುಗಿ ಧೈರ್ಯ ಮಾಡಿ ಬಾಯಿಬಿಡುವುದು ಪಿ.ಯು.ಸಿ. ಮುಗಿದ ಮೇಲೆ ಆಗಿರಬಹುದು. ಆ ಹೊತ್ತಿಗೆ ಮೌನದ ಅಪರಾಧಕ್ಕೆ ಕಾಲ ಮೀರಿರಬಹುದು. ಇನ್ನು ಮೂರನೆಯದು: ಈ ಸೆಕ್ಷನ್ ಹಿಡಿಯುವುದು ವ್ಯಕ್ತಿಗಳನ್ನು. ಸಂಸ್ಥೆ ಸಂಸ್ಥೆಯಾಗಿ, ತನ್ನ ಆಸ್ತಿ, ಅನುದಾನ, ಮಾನ್ಯತೆಯ ಸಮೇತ ಉತ್ತರ ಕೊಡಬೇಕಾದ ಕಡೆ ಯಾರೋ ಒಬ್ಬರು ರಾಜೀನಾಮೆ ಕೊಟ್ಟು ಬದಿಗೆ ಸರಿಯುತ್ತಾರೆ, ಬೋರ್ಡು ಹಾಗೇ ನೇತಾಡುತ್ತಿರುತ್ತದೆ.

ಆಸ್ಟ್ರೇಲಿಯಾದವರು ಈ ಮೂರನೆಯ ತೂತನ್ನು ಮುಚ್ಚಲು ಗಂಭೀರವಾಗಿ ಕೂತರು. 2013ರಿಂದ 2017ರವರೆಗೆ ಒಂದು ರಾಯಲ್ ಆಯೋಗ ಚರ್ಚು, ಶಾಲೆ, ಅನಾಥಾಲಯ, ಕ್ರೀಡಾ ಸಂಘ ಯಾವುದನ್ನೂ ಬಿಡದೆ ವಿಚಾರಿಸಿತು. ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ಮಾತನ್ನು ಖಾಸಗಿಯಾಗಿ, ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಕೇಳಿತು. ಅಲ್ಲಿನ ವಿಕ್ಟೋರಿಯಾ ರಾಜ್ಯ 2017ರಲ್ಲಿ ಕಾನೂನನ್ನೇ ತಿರುಗಿಸಿತು. ಸಂಸ್ಥೆಗೆ ಸೇರಿದವನು ಅಲ್ಲಿನ ಮಗುವಿನ ಮೇಲೆ ದೌರ್ಜನ್ಯ ಎಸಗಿದರೆ ಸಂಸ್ಥೆಯೇ ಕರ್ತವ್ಯ ತಪ್ಪಿದೆ ಎಂದು ನ್ಯಾಯಾಲಯ ಮೊದಲೇ ಭಾವಿಸುತ್ತದೆ. ತಾನು ಬೇಕಾದ ಎಚ್ಚರಿಕೆಗಳನ್ನೆಲ್ಲ ತೆಗೆದುಕೊಂಡಿದ್ದೆ ಎಂದು ಸಂಸ್ಥೆ ತೋರಿಸಬೇಕು. ಸಾಬೀತು ಮಾಡುವ ಭಾರ ಮಗುವಿನ ಹೆಗಲಿನಿಂದ ಸಂಸ್ಥೆಯ ಹೆಗಲಿಗೆ ಹೋಯಿತು. ನಮ್ಮಲ್ಲೂ ಅದು ಬರಬೇಕು. ಕ್ರಿಮಿನಲ್ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಕರ್ನಾಟಕ ತನ್ನದೇ ತಿದ್ದುಪಡಿ ತರಬಹುದು. ಬಾಲ್ಯವಿವಾಹ ಕಾಯ್ದೆಗೆ ನಮ್ಮ ರಾಜ್ಯ ಹಾಗೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಮಾಡಿಲ್ಲವೇ? ಈ ಭಾಗದ ಶಾಸಕರು ನಿಮ್ಮ ಸಮಾರಂಭಗಳಿಗೆ ಬಂದೇ ಬರುತ್ತಾರೆ. ಕಾಂಪೌಂಡ್ ಗೋಡೆಗೆ ಅನುದಾನ ಕೇಳುವಾಗ ಇದನ್ನೂ ಕೇಳಿ. ಸಂಸ್ಥೆ ನಡೆಸುವವರ ಬಾಯಿಂದಲೇ ಈ ಬೇಡಿಕೆ ಬಂದರೆ ಅದರ ತೂಕವೇ ಬೇರೆ.

ನಿಮ್ಮ ಇನ್ನೊಂದು ಮಾತಿಗೂ ಉತ್ತರ ಕೊಡಬೇಕು: "ತಾಯಿತಂದಿನೇ ಬ್ಯಾಡ ಅಂತಾರ, ನಾವೇನ್ ಮಾಡೂಣು?" ಅವರು ಬೇಡವೆನ್ನುವುದು ಠಾಣೆ ಮೆಟ್ಟಿಲು, ಊರಿನ ಬಾಯಿ, ಕೋರ್ಟಿನ ಅಲೆದಾಟ ನೆನೆದು. ಅವರಿಗೆ ಯಾರೂ ಹೇಳಿರುವುದಿಲ್ಲ: ಮಗು ಠಾಣೆಗೆ ಹೋಗಬೇಕಿಲ್ಲ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಸಮವಸ್ತ್ರವಿಲ್ಲದೆ ಮನೆಗೇ ಬಂದು ಹೇಳಿಕೆ ಪಡೆಯಬೇಕು. ರಾತ್ರಿ ಯಾವ ಮಗುವನ್ನೂ ಠಾಣೆಯಲ್ಲಿ ಇರಿಸುವಂತಿಲ್ಲ. ಹೆಸರು, ಊರು, ಶಾಲೆ ಬಯಲು ಮಾಡುವ ಪತ್ರಿಕೆ, ಚಾನೆಲ್ಲುಗಳಿಗೆ ಶಿಕ್ಷೆಯಿದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು, ಸಮಿತಿ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ. ಪರಿಹಾರಕ್ಕೆ ಅವಕಾಶವಿದೆ. ಠಾಣೆಯವರು ದೂರು ಬರೆದುಕೊಳ್ಳಲು ಒಪ್ಪದಿದ್ದರೆ ಅದೂ ಅಪರಾಧ. ಇಷ್ಟನ್ನು ಆ ಅಪ್ಪನಿಗೆ ಅವನ ಭಾಷೆಯಲ್ಲಿ, ಕನ್ನಡವೋ ಉರ್ದುವೋ ಮರಾಠಿಯೋ ಲಂಬಾಣಿಯೋ, ಕೂಡಿಸಿಕೊಂಡು ಹೇಳಿದ್ದೀರಾ? ಹೇಳಿದ ಮೇಲೂ ಅವನು ಬೇಡವೆಂದರೆ ನೀವು ತಿಳಿಸಲೇಬೇಕು, ಏಕೆಂದರೆ ಮುಂದಿನ ಮಗು ಅವನದಲ್ಲ.

ಕಷ್ಟದ ಪ್ರಶ್ನೆಗಳು ಇಲ್ಲದಿಲ್ಲ. ಹದಿಹರೆಯದ ಇಬ್ಬರು ತಾವಾಗಿಯೇ ಒಡನಾಡಿದ ಪ್ರಕರಣಗಳೂ ಈ ಕಾಯ್ದೆಯೊಳಗೇ ಬರುತ್ತವೆ, ಹುಡುಗ ಜೈಲು ಸೇರುತ್ತಾನೆ. ವರದಿಯಾಗುತ್ತದೆಂದು ಹೆದರಿ ಬಸಿರಾದ ಹುಡುಗಿ ಆಸ್ಪತ್ರೆಗೇ ಹೋಗದಿರಬಹುದು. ಅದನ್ನು ಗಮನಿಸಿಯೇ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಪ್ರಾಪ್ತೆ ಮತ್ತು ಅವಳ ಪಾಲಕರು ಕೋರಿದರೆ ಗರ್ಭಪಾತ ಮಾಡುವ ವೈದ್ಯರು ಅವಳ ಗುರುತನ್ನು ವರದಿಯಲ್ಲಿ ಹೇಳಬೇಕಿಲ್ಲ ಎಂದಿತು. ಕಾನೂನು ಈ ದಿಕ್ಕಿನಲ್ಲಿ ಇನ್ನೂ ಮಾಗಬೇಕು. ಆದರೆ ಶಿಕ್ಷಕ, ವಾರ್ಡನ್, ಧರ್ಮಗುರು, ಕಾವಲುಗಾರನಂಥ ಅಧಿಕಾರದಲ್ಲಿರುವ ದೊಡ್ಡವನೊಬ್ಬ ತನ್ನ ವಶದಲ್ಲಿರುವ ಮಗುವನ್ನು ಮುಟ್ಟಿದಾಗ ಈ ಯಾವ ಗೊಂದಲವೂ ಇಲ್ಲ. ಅಲ್ಲಿ ಗೊಂದಲ ಹುಟ್ಟಿಸುವುದು ಸಂಸ್ಥೆಯ ಹೆಸರಿನ ಭಯ ಮಾತ್ರ.

ಆ ಹೆಸರಿನ ಬಗ್ಗೆ ಒಂದು ಮಾತು. ಶರಣರು, ಸೂಫಿಗಳು ನಡೆದಾಡಿದ ನೆಲ ನಮ್ಮದೆಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಹಾಗೆ ಹೇಳಿಕೊಳ್ಳುವ ಊರಿನಲ್ಲಿ ಸಂಸ್ಥೆಯ ಮರ್ಯಾದೆಯನ್ನು ಹನ್ನೆರಡು ವರ್ಷದ ಹುಡುಗಿಯ ಬಾಯಿ ಮುಚ್ಚಿಸಿ ಉಳಿಸಿಕೊಳ್ಳುವುದು ಎಷ್ಟು ದೊಡ್ಡ ದ್ರೋಹ. ತಾನಾಗಿಯೇ ಮುಂದೆ ಬಂದು ದೂರು ಕೊಟ್ಟ ಶಾಲೆಗೆ ಜನ ಮಕ್ಕಳನ್ನು ಕಳಿಸುವುದು ನಿಲ್ಲಿಸುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದ ಶಾಲೆಯ ಬಾಗಿಲಿಗೆ ಕಲ್ಲು ಬೀಳುತ್ತದೆ. ಬದ್ಲಾಪುರದಲ್ಲಿ ಜನ ರೈಲನ್ನೇ ತಡೆದು ಕೂತಿದ್ದು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ.

ನಿಮ್ಮ ಮುಂದಿನ ಆಡಳಿತ ಮಂಡಳಿ ಸಭೆಗೆ, ಸರ್ಕಾರಿ ಶಾಲೆಯಾದರೆ ಎಸ್.ಡಿ.ಎಂ.ಸಿ. ಸಭೆಗೆ, ಒಂದು ವಿಷಯ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಮಗುವಿನಿಂದ, ಸಹಪಾಠಿಯಿಂದ, ಅಡುಗೆಯವಳಿಂದ ಇಂಥ ಮಾತು ಕಿವಿಗೆ ಬಿದ್ದ ದಿನವೇ ಠಾಣೆಗೆ ಲಿಖಿತವಾಗಿ ತಿಳಿಸುತ್ತೇವೆ. ಅದಕ್ಕೆ ಮೊದಲು ಯಾವ ಒಳವಿಚಾರಣೆಯನ್ನೂ, ರಾಜಿಯನ್ನೂ ಮಾಡುವುದಿಲ್ಲ. ಆರೋಪ ಅಧ್ಯಕ್ಷರ ಮೇಲೆಯೇ ಬಂದರೂ ಇದೇ ನಿಯಮ. ಪ್ರಕರಣ ನಡೆಯುತ್ತಿರುವಾಗ ಆ ಮಗುವಿಗೆ ಟಿ.ಸಿ. ಕೊಡುವುದಿಲ್ಲ, ಅವಳ ಓದಿನ ಖರ್ಚು ಸಂಸ್ಥೆಯದು; ಆರೋಪಿಯನ್ನು ಬೇರೆ ಶಾಲೆಗೆ ಸದ್ದಿಲ್ಲದೆ ಕಳಿಸುವುದಿಲ್ಲ. ಹೀಗೆಂದು ಠರಾವು ಮಾಡಿ, ಎಲ್ಲ ಸದಸ್ಯರೂ ಸಹಿ ಹಾಕಿ. ದೂರು ಪೆಟ್ಟಿಗೆಯ ಕೀಲಿಯನ್ನು ವಾರ್ಡನ್ ಕೈಯಿಂದ ತೆಗೆದು ಹೊರಗಿನ ಒಬ್ಬ ಮಹಿಳೆಗೆ ಕೊಡಿ. ಅಂಗನವಾಡಿ ಕಾರ್ಯಕರ್ತೆಯಾಗಲಿ, ಆಶಾ ಕಾರ್ಯಕರ್ತೆಯಾಗಲಿ. ಮಕ್ಕಳ ಕೈಗೆ ಸಿಗುವ ಒಂದು ಫೋನ್ ಇಡಿ, 1098ಕ್ಕೆ ಹಚ್ಚಲು ಯಾರ ಅಪ್ಪಣೆಯೂ ಬೇಡದ ಫೋನ್.

ನವೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ಕರೆಯುತ್ತವೆ. ಆ ಸಭೆಯಲ್ಲಿ ನಿಮ್ಮ ಠರಾವನ್ನು ಮಕ್ಕಳ ಎದುರು ಓದಿ ಹೇಳಿ, ಯಾರಾದರೂ ಪ್ರಶ್ನೆ ಕೇಳಿದರೆ ಅಲ್ಲಿಯೇ ಉತ್ತರ ಕೊಡಿ. ಅದರ ಒಂದು ಪ್ರತಿಯನ್ನು ಪ್ರವೇಶ ಅರ್ಜಿಯ ಜೊತೆಗೆ ಹೊಲಿದು, ಗುಳೆ ಹೋಗುವ ತಾಯಿತಂದೆ ಹೆಬ್ಬೆಟ್ಟು ಒತ್ತುವ ಮೊದಲು ಅವರಿಗೆ ಓದಿ ಹೇಳಿ.

ವಿಶ್ವಾಸದಿಂದ,
ಕಲಬುರಗಿ ಜಿಲ್ಲೆಯ ಒಬ್ಬ ನಾಗರಿಕ